ಎರಡು ಲಕ್ಷ ಕ್ಯುಸೆಕ್ ಅಂದ್ರೆ ನಮ್ಮ ಓಣಿಗೆ ಎಷ್ಟು ನೀರು? ಊರ ಮಟ್ಟದ ನೆರೆ ನಕ್ಷೆ ಬಗ್ಗೆ ಚರ್ಚೆ

ಹೊಳಿದಂಡಿ_ಚಿಕ್ಕೋಡಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಚಿಕ್ಕೋಡಿ ಕಡೆ, ಕೃಷ್ಣಾ ಹೊಳಿ ದಂಡಿ ಮ್ಯಾಲಿನ ಊರು. ಜುಲೈ ಬಂತಂದ್ರ ಪೇಪರ್, ಟಿವಿ, ವಾಟ್ಸಾಪ್ ಎಲ್ಲಾ ಕಡೆ ಅದ ಸುದ್ದಿ, ಮಹಾರಾಷ್ಟ್ರದ ಕೊಯ್ನಾ ಡ್ಯಾಂನಿಂದ ಇಷ್ಟು ಬಿಟ್ರು, ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗಾದಿಂದ ಇಷ್ಟು, ಕಲ್ಲೋಳ ಹತ್ರ ಕೂಡಿ ಇಷ್ಟು ಕ್ಯುಸೆಕ್ (ಒಂದು ಸೆಕೆಂಡಿಗೆ ಹರಿಯೋ ಘನ ಅಡಿ ನೀರು) ಅಂತ. ಮ್ಯಾಲೆ ಆರೆಂಜ್ ಅಲರ್ಟ್, ರೆಡ್ ಅಲರ್ಟ್. ಈ ಮಾಹಿತಿ ಬೇಕ ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಮನ್ಯಾಗ ನಮ್ಮವ್ವ ಕೇಳೂದು ಬ್ಯಾರೆ: "ನೀರು ನಮ್ಮ ಹಿತ್ತಲಕ್ಕ ಬರ್ತೈತೇನು, ಎಮ್ಮಿ ಇವತ್ತ ಬಿಚ್ಚೂದೋ ನಾಳೆ ನೋಡೂದೋ?" ಅದಕ್ಕ ಉತ್ತರ ಹೇಳಾಕ ನನ್ನ ಕಡೆ ಏನೂ ಇರಂಗಿಲ್ಲ.

ನಮ್ಮ ಕಡೆ ಮೊದಲ ಮುಳುಗೂದು ಕೆಳಮಟ್ಟದ ಸೇತುವೆಗಳು, ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ. ಅಷ್ಟೊತ್ತಿಗೆ ರೈತರೆಲ್ಲ ಹೊಳಿ ದಂಡಿಗೆ ಕುಂದ್ರಿಸಿದ ಮೋಟರ್ ಎತ್ತಾಕ ಓಡ್ತಾರ. ಕೇಬಲ್ ಬಿಚ್ಚಿ, ಪೈಪ್ ಕಳಚಿ, ಮೋಟರಿಗೆ ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ದಂಡಿ ಮ್ಯಾಲೆ ಎಳೀಬೇಕು, ಕೆಸರಾಗ ಮೊಣಕಾಲ ತನಕ ಕಾಲು ಹುಗೀತಾವ, ಕತ್ತಲಾತಂದ್ರ ಹಾವಿನ ಅಂಜಿಕಿ ಬ್ಯಾರೆ. ನೀರು ರಾತ್ರಿ ಏರ್ತೈತಿ ಅನ್ನೂದು ಮಧ್ಯಾಹ್ನನ ಖಾತ್ರಿ ಆದ್ರ ಮೋಟರೂ ಉಳೀತೈತಿ, ಮನಷ್ಯಾನೂ ಉಳೀತಾನ.

2019ರಾಗ ನೀರು ಎಲ್ಲಿ ತನಕ ಬಂದಿತ್ತು ಅನ್ನೂದು ನಮ್ಮೂರ ಗ್ವಾಡಿ ಮ್ಯಾಲೆ ಇನ್ನೂ ಕಾಣ್ತೈತಿ. 2021ರ ಗುರುತೂ ಅದಾವ. ಈಗ ಸ್ಯಾಟಲೈಟ್, ಡ್ರೋನ್, ಆ್ಯಪ್ ಎಲ್ಲಾ ಅದಾವಲ್ಲ, ಇವನ್ನ ಇಟಗೊಂಡು "ಸೇತುವೆ ಹತ್ರ ನೀರು ಇಷ್ಟಾದ್ರ ಈ ಓಣಿ, ಇಷ್ಟಾದ್ರ ಆ ಓಣಿ" ಅನ್ನೋ ಒಂದು ನಕ್ಷೆ ನಮ್ಮೂರಿಗೆ ಮಾಡಾಕ ಆಗ್ತೈತೇನ್ರಿ? ತಿಳಿದವರು ಹೇಳ್ರಿ.

ಉಪಗ್ರಹ_ನೋಟ

ಆಗುತ್ತೆ, ಖಂಡಿತ ಆಗುತ್ತೆ. ನಾನು ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡೋ) ಕೆಲಸ ಮಾಡೋಳು, ಗೊತ್ತಿರೋದು ಹೇಳ್ತೀನಿ.

ಮೊದಲನೇದು ಹಳೇ ನೆರೆ ಎಲ್ಲಿವರೆಗೂ ಹರಡಿತ್ತು ಅಂತ ನೋಡೋದು. ಮಳೆಗಾಲದಲ್ಲಿ ಮೋಡ ಇರೋದ್ರಿಂದ ಮಾಮೂಲಿ ಫೋಟೋ ತೆಗೆಯೋ ಉಪಗ್ರಹ ಉಪಯೋಗಕ್ಕೆ ಬರಲ್ಲ, ರೇಡಾರ್ ಉಪಗ್ರಹ ಬೇಕು. ರೇಡಾರ್ ಅಲೆ ಮೋಡ ದಾಟಿ ಬರುತ್ತೆ, ರಾತ್ರಿನೂ ಕೆಲಸ ಮಾಡುತ್ತೆ. ನಿಂತ ನೀರಿನ ಮೇಲ್ಮೈ ನುಣುಪಾಗಿರೋದ್ರಿಂದ ಅಲೆ ಆ ಕಡೆಗೆ ಜಾರಿಹೋಗಿ ಉಪಗ್ರಹಕ್ಕೆ ವಾಪಸ್ ಬರೋದು ತೀರಾ ಕಮ್ಮಿ, ಅದಕ್ಕೆ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತೆ. ಯುರೋಪಿನ ಸೆಂಟಿನೆಲ್-1 ಚಿತ್ರಗಳು 2014ರಿಂದ ಎಲ್ಲರಿಗೂ ಉಚಿತ, ಆಗಸ್ಟ್ 2019ರದ್ದೂ ಸಿಗುತ್ತೆ. ನಮ್ಮ ಇಸ್ರೋದ ರಿಸ್ಯಾಟ್-1 ಇತ್ತು, 2022 ಫೆಬ್ರವರಿಯಿಂದ ಇಒಎಸ್-04 ಇದೆ. ಇಸ್ರೋದ ಹೈದರಾಬಾದಿನ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ನೆರೆ ಬಂದಾಗ ಈ ಥರ ಚಿತ್ರಗಳಿಂದ ಮುಳುಗಡೆ ನಕ್ಷೆ ಮಾಡಿ ಭುವನ್ ಅನ್ನೋ ನಕ್ಷೆ ಪೋರ್ಟಲ್‌ನಲ್ಲಿ ಹಾಕುತ್ತೆ. ನೆರೆಗೆ ಮುಂಚಿನ ಒಂದು ಚಿತ್ರ, ನೆರೆ ಸಮಯದ ಒಂದು ಚಿತ್ರ ತಗೊಂಡು ನಕ್ಷೆ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ಹೋಲಿಸಿದ್ರೆ ಹೊಸದಾಗಿ ಕಪ್ಪಾದ ಜಾಗ ಸಿಗುತ್ತೆ, ಕೆರೆ ಹೊಳೆ ಕಳೆದ್ರೆ ಉಳಿದದ್ದು ನೆರೆ. ಈ ಸಾಫ್ಟ್‌ವೇರಿಗೂ ದುಡ್ಡು ಕೊಡಬೇಕಾಗಿಲ್ಲ.

ಒಂದು ಎಚ್ಚರ: ಒಂದು ಉಪಗ್ರಹ ಅದೇ ದಾರಿಯಲ್ಲಿ ಮತ್ತೆ ಬರೋಕೆ 12 ದಿನ. ನೀರು ಅತಿ ಮೇಲಿದ್ದ ದಿನವೇ ಅದು ನಿಮ್ಮೂರ ಮೇಲೆ ಹೋಗಿತ್ತು ಅನ್ನೋ ಗ್ಯಾರಂಟಿ ಇಲ್ಲ. ಹಾಗಾಗಿ ಉಪಗ್ರಹ ತೋರಿಸಿದ್ದು "ಕನಿಷ್ಠ ಇಷ್ಟು" ಅಂತ ಓದಬೇಕು, "ಇಷ್ಟೇ" ಅಂತ ಅಲ್ಲ.

ಕಬ್ಬಿನ_ಬೆಳೆಗಾರ_ಅಥಣಿ

ಮೇಡಂ, ಒಂದು ಮಾತು ಕೇಳ್ತೀನಿ ತಪ್ಪು ತಿಳ್ಕೋಬ್ಯಾಡ್ರಿ. ನಮ್ಮದು ಪೂರಾ ಕಬ್ಬಿನ ಪಟ್ಟಿ, ಆಗಸ್ಟಿನ್ಯಾಗ ಕಬ್ಬು ಆಳೆತ್ತರ ದಾಟಿರ್ತೈತಿ. ಬುಡದಾಗ ಸೊಂಟದ ಮಟ ನೀರು ನಿಂತಿತ್ತು, ಒಬ್ಬರು ತೋರಿಸಿದ ಸ್ಯಾಟಲೈಟ್ ನಕ್ಷೆಯೊಳಗ ಅದ ಹೊಲ ಒಣ ಭೂಮಿ ಅಂತ ಕಾಣ್ತಿತ್ತು. ವಾರಗಟ್ಟಲೆ ನೀರು ನಿಂತು ಸುಳಿ ಕೊಳೆತು ಹೋತು. ನಾಳೆ ಇದ ನಕ್ಷೆ ಇಟಗೊಂಡು ಪರಿಹಾರ ಕೊಡ್ತೀವಿ ಅಂದ್ರ ನಾವು ಎಲ್ಲಿ ಹೋಗೂದು?

ಉಪಗ್ರಹ_ನೋಟ

ತಪ್ಪೇನಿಲ್ಲ ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ, ನಮ್ಮ ಕೆಲಸದಲ್ಲಿ ಇರೋ ದೊಡ್ಡ ಕೊರತೆನೇ ಅದು. ಸೆಂಟಿನೆಲ್-1, ಇಒಎಸ್-04 ಎರಡೂ ಸಿ-ಬ್ಯಾಂಡ್, ತರಂಗಾಂತರ ಐದಾರು ಸೆಂಟಿಮೀಟರ್ ಅಷ್ಟೇ. ಅದು ಕಬ್ಬಿನ ಗರಿಗೆ ಬಡಿದು ಮೇಲಿಂದಲೇ ವಾಪಸ್ ಹೋಗುತ್ತೆ, ಬುಡದ ನೀರು ಅದಕ್ಕೆ ಕಾಣಲ್ಲ. ಎಲ್-ಬ್ಯಾಂಡ್ ಅಲೆ ಉದ್ದ, ಗರಿ ದಾಟಿ ಕೆಳಗೆ ಇಳಿಯುತ್ತೆ, ನೀರಿಗೂ ಕಾಂಡಕ್ಕೂ ಎರಡು ಸಲ ಬಡಿದು ವಾಪಸ್ ಬರುತ್ತೆ, ಆಗ ಆ ಜಾಗ ಕಪ್ಪಗಲ್ಲ, ಉಲ್ಟಾ ಬೆಳ್ಳಗೆ ಹೊಳೆಯುತ್ತೆ. ನಾಸಾ-ಇಸ್ರೋ ಸೇರಿ 2025 ಜುಲೈ 30ಕ್ಕೆ ಹಾರಿಸಿದ ನಿಸಾರ್‌ನಲ್ಲಿ ಎಲ್-ಬ್ಯಾಂಡ್ ಇದೆ. ನಿಮ್ಮ ಭಾಗದ ಕಬ್ಬಿಗೆ ಅದರಿಂದ ಅನುಕೂಲ ಆಗಬಹುದು ಅನ್ನೋ ಭರವಸೆ ನನಗಿದೆ. ಆದರೆ ಪರಿಹಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಉಪಗ್ರಹ "ನೀರಿದೆ" ಅಂದ್ರೆ ನಂಬಿ, "ನೀರಿಲ್ಲ" ಅಂದ್ರೆ ಒಬ್ಬರು ಹೊಲಕ್ಕೆ ಇಳಿದು ನೋಡಲೇಬೇಕು.

ಕೋಡ್_ಬರೆಯೋನು

ಗೂಗಲ್ ಫ್ಲಡ್ ಹಬ್ ಯಾರೂ ನೋಡಿಲ್ವಾ? 2018ರಲ್ಲಿ ಪಾಟ್ನಾದಲ್ಲಿ ಶುರು ಮಾಡಿದ್ದು, ಈಗ ಏಳು ದಿನ ಮುಂಚೆನೇ ಎಐ ಮಾಡೆಲ್‌ನಿಂದ ನದಿ ಏರೋದು ಹೇಳುತ್ತೆ. ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್ ಕೂಡ 2023 ಆಗಸ್ಟ್‌ನಲ್ಲಿ ಬಂದಿದೆ, ಸ್ಟೇಷನ್ ಒತ್ತಿದ್ರೆ ಮಟ್ಟ ಎಷ್ಟಿದೆ, ಎಚ್ಚರಿಕೆ ಮಟ್ಟ ಎಷ್ಟು, ಅಪಾಯದ ಮಟ್ಟ ಎಷ್ಟು ಎಲ್ಲ ಬರುತ್ತೆ. ಇದರ ಮೇಲೆ ಒಂದು ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಹಾಕಿ ನೀರು ತುಂಬಿಸಿದ್ರೆ ಊರ ನಕ್ಷೆ ರೆಡಿ ಅಲ್ವಾ? ಒಂದು ವೀಕೆಂಡ್ ಕೆಲಸ ಅನ್ಸುತ್ತೆ.

ನೀರಾವರಿ_ನಿವೃತ್ತ

ತಮ್ಮಾ, ನಿನ್ನ ಹುಮ್ಮಸ್ಸು ಬಾಳ ಚಲೋ, ಆದರೆ ಮೂರು ವಿಷಯ ತಲ್ಯಾಗ ಇಟಗೊ. ಸರ್ವಿಸ್ ಪೂರಾ ನದಿ, ಕಾಲುವೆ, ಗೇಟು ಅಂತ ಕಳದಾಂವ ನಾನು, ಸ್ವಲ್ಪ ಉದ್ದ ಆಗ್ತದ.

ಮೊದಲ, ಕ್ಯುಸೆಕ್ ಬ್ಯಾರೆ, ಮಟ್ಟ ಬ್ಯಾರೆ. ಒಂದು ಲಕ್ಷ ಕ್ಯುಸೆಕ್ 24 ತಾಸು ಹರದ್ರ 8.64 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ) ನೀರು ಹೋಗ್ತದ, ಇದು ಬರೇ ಲೆಕ್ಕ. ಆ ನೀರು ನಿಮ್ಮೂರ ಹತ್ರ ಎಷ್ಟು ಎತ್ತರ ನಿಲ್ತದ ಅನ್ನೂದು ನದಿ ಪಾತ್ರ ಎಷ್ಟು ಅಗಲ ಅದ, ಮುಂದ ದಾರಿ ಖಾಲಿ ಅದನೋ ಇಲ್ಲೋ, ಇದರ ಮ್ಯಾಲೆ ನಿಂತದ. ದೂಧಗಂಗಾ ನೋಡ್ರಿ. ಕೃಷ್ಣಾ ಕೆಳಗ ಇದ್ದಾಗ ದೂಧಗಂಗಾ ಸರಾಗ ಹೋಗಿ ಕೂಡ್ತದ. ಕೃಷ್ಣಾ ತುಂಬಿ ನಿಂತಾಗ ಅದಕ್ಕ ಒಳಗ ಹೋಗಾಕ ಜಾಗಾನ ಇಲ್ಲ, ಹಿಂದಕ್ಕ ಒತ್ತಿ ಸದಲಗಾ, ಬೋರಗಾಂವ ಕಡೆ ಹೊಲದಾಗ ಹರಡ್ತದ. ಅಷ್ಟ ಕ್ಯುಸೆಕ್, ಒಂದು ದಿನ ದಂಡಿ ಒಳಗ, ಮತ್ತೊಂದು ದಿನ ಊರಾಗ. ಅದಕ್ಕ ಕ್ಯುಸೆಕ್ ಸುದ್ದಿ ಕೇಳಿ ಮನಿ ಬಿಡೂದೋ ಬ್ಯಾಡೋ ಅಂತ ತೀರ್ಮಾನ ಮಾಡಾಕ ಆಗೂದಿಲ್ಲ, ಮಟ್ಟ ಬೇಕು.

ಎರಡನೇದು ಆ ಡಿಇಎಂ. ಉಚಿತ ಸಿಗೂದು ಎಸ್‌ಆರ್‌ಟಿಎಂ, ಕಾರ್ಟೊಸ್ಯಾಟ್ ಇಂಥವು, 30 ಮೀಟರಿಗೆ ಒಂದು ಚೌಕ, ಒಂದು ಚೌಕಕ್ಕ ಒಂದ ಎತ್ತರ. ನಾಲ್ಕು ಮನಿ, ಒಂದು ಗುಡಿ, ಒಂದು ಹಗೇವು ಎಲ್ಲಾ ಒಂದ ನಂಬರಿನ್ಯಾಗ ಹೋಗ್ತಾವ. ಎತ್ತರದಾಗ ತಪ್ಪು ಮೀಟರ್‌ಗಟ್ಟಲೆ ಇರ್ತದ, ಕೃಷ್ಣಾ ಬಯಲಿನ್ಯಾಗ ಒಂದು ಮೀಟರ್ ಅಂದ್ರ ಊರ ಆ ತುದಿಗೂ ಈ ತುದಿಗೂ ಇರೋ ಫರಕ. ಜಿಲ್ಲಾ ನಕ್ಷೆಗೆ ಅದು ನಡೀತದ, ಓಣಿಗೆ ನಡಿಯೂದಿಲ್ಲ.

ಮೂರನೇದು, ಮಳಿ ನೋಡಿ ಕಲಿತ ಮಾಡೆಲ್‌ಗೆ ಗೇಟು ಯಾವಾಗ ಎತ್ತತಾರ ಅನ್ನೂದು ಮೊದಲ ತಿಳಿಯೂದಿಲ್ಲ. ಅದು ಮನಷ್ಯಾರ ತೀರ್ಮಾನ. 2021 ಜುಲೈ 22ರ ಸುಮಾರಿಗೆ ಮಹಾಬಳೇಶ್ವರದಾಗ 24 ತಾಸಿನ್ಯಾಗ 594 ಮಿಲಿಮೀಟರ್ ಮಳಿ ಆತು. ಕೃಷ್ಣಾ ಹುಟ್ಟೂದ ಅಲ್ಲಿ. ಅಂಥಾ ಮಳಿ ಬಂದಾಗ ಡ್ಯಾಂ ಒಳಗ ಖಾಲಿ ಜಾಗ ಎಷ್ಟು ಉಳಿಸಿದ್ರು, ಯಾವ ತಾಸಿಗೆ ಎಷ್ಟು ಬಿಟ್ರು, ಇದು ಮಹಾರಾಷ್ಟ್ರದಿಂದ ನಮಗ, ನಮ್ಮಿಂದ ಅವರಿಗೆ ತಾಸು ತಾಸಿಗೂ ಗೊತ್ತಿರಬೇಕು. ಆಲಮಟ್ಟಿ ಹಿನ್ನೀರಿನ ಸಲುವಾಗಿ ಮಹಾರಾಷ್ಟ್ರದ ಸಾಂಗಲಿಯವರು ಒಂದು ಅಂತಾರ, ನಾವು ಒಂದು ಅಂತೀವಿ. ಡ್ಯಾಂನಾಗ ನೀರು 519.60 ಮೀಟರ್ ತನಕ ನಿಲ್ಲಿಸೂದೋ 524.256 ಮೀಟರ್ ತನಕನೋ ಅನ್ನೋ ಜಗಳ ಕೋರ್ಟಿನ್ಯಾಗ ನಡೀಲಿ, ಮಟ್ಟದ ಅಂಕಿ ಮಾತ್ರ ಎರಡೂ ಕಡೆ ಜನಕ್ಕ ತೆರೆದಿರಬೇಕು ಅನ್ನೂದು ನನ್ನ ಮಾತು.

ಹೊಳಿದಂಡಿ_ಚಿಕ್ಕೋಡಿ

ಸರ್ ಹಂಗಾದ್ರ ಓಣಿ ಮಟ್ಟಕ್ಕ ಹ್ಯಾಂಗ ಮಾಡೂದ್ರಿ? ಡ್ರೋನ್ ತರಿಸಬೇಕೇನು?

ನೀರಾವರಿ_ನಿವೃತ್ತ

ಡ್ರೋನ್ ಸಿಕ್ರ ಛಲೋ, ಸಿಗಲಿಲ್ಲಂದ್ರ ಹಳೇ ಆಟೋ ಲೆವೆಲ್ಲು (ಎತ್ತರ ಅಳಿಯೋ ದುರ್ಬೀನು) ಮತ್ತ ಸ್ಟಾಫು (ಅಳತಿ ಕೋಲು) ಸಾಕು. ಡಿಪ್ಲೊಮಾ ಸಿವಿಲ್ ಓದೋ ಹುಡುಗರಿಗೆ ಹೇಳ್ರಿ, ಅವರ ಪ್ರಾಕ್ಟಿಕಲ್ಲೂ ಆಗ್ತದ.

ಸೇತುವೆ ಕಂಬದ ಮ್ಯಾಲೆ ಮೀಟರ್ ಪಟ್ಟಿ ಬರದಿರ್ತಾರಲ್ಲ, ಅದನ್ನ ಆಧಾರ ಇಟಗೋರಿ. ಅಲ್ಲಿಂದ ಲೆವೆಲ್ ತಗೊಂಡು ಊರಾಗ ಬರ್ರಿ. 2019ರ ಕಲೆ ಯಾವ್ಯಾವ ಗ್ವಾಡಿ ಮ್ಯಾಲೆ ಅದ, 2021ರದ್ದು ಎಲ್ಲೆಲ್ಲಿ ಅದ, ಎಲ್ಲಾದಕ್ಕೂ ಎತ್ತರ ತಗೋರಿ. ಆಮ್ಯಾಲೆ ಪ್ರತಿ ಮನಿ ಹೊಸ್ತಿಲು, ಸಾಲಿ ಕಟ್ಟಿ, ಅಂಗನವಾಡಿ, ಟ್ರಾನ್ಸ್‌ಫಾರ್ಮರ್ ಕುಂತ ಕಟ್ಟಿ, ಕುಡಿಯೋ ನೀರಿನ ಬೋರು. ಒಂದು ಮಾತು ಮರೀಬ್ಯಾಡ್ರಿ, ಹರಿಯೋ ನೀರಿನ ಮೈ ಸಪಾಟ ಇರೂದಿಲ್ಲ, ಮ್ಯಾಲಿನ ದಿಕ್ಕಿಗೆ ಎತ್ತರ ಇರ್ತದ. ಅದಕ್ಕ ಊರ ಎರಡೂ ತುದಿಗೆ ಕಲೆ ಹುಡುಕ್ರಿ, ಒಂದ ಕಡೆ ನೋಡಿ ಪೂರಾ ಊರಿಗೆ ಅದ ಎತ್ತರ ಹಚ್ಚಬ್ಯಾಡ್ರಿ. ಒಂದು ಮನ್ಯಾಗ "ಇಲ್ಲಿ ತನಕ ಬಂದಿತ್ತು" ಅಂದ್ರ ಬಾಜು ಮನ್ಯಾಗೂ ಕೇಳಿ ತಾಳಿ ನೋಡ್ರಿ, ಸುಣ್ಣ ಬಳದ ಗ್ವಾಡಿ ಮ್ಯಾಲಿನ ನೆನಪು ಒಂದು ಗೇಣು ಹಿಂದ ಮುಂದ ಆಗಿರ್ತದ.

ಮೇಡಂ ಅವರ ರೇಡಾರ್ ಚಿತ್ರ, ಈ ಕಲೆಗಳು, ಎರಡೂ ಒಂದಕ್ಕೊಂದು ಹೊಂದಿದ್ರ ನಕ್ಷೆ ಮ್ಯಾಲೆ ಭರವಸಿ ಇಡಬಹುದು.

ಮಲಪ್ರಭಾ_ಟೀಚರ್

ನಮ್ಮದು ನರಗುಂದ ಕಡೆ. ನೀವೆಲ್ಲ ಕೃಷ್ಣಾ ಬಗ್ಗೆ ಮಾತಾಡಾಕತ್ತೀರಿ, ಮಲಪ್ರಭಾ ಕಥಿ ಸ್ವಲ್ಪ ಬ್ಯಾರೆ ಐತ್ರಿ. ನವಿಲುತೀರ್ಥ ಡ್ಯಾಂ 37.73 ಟಿಎಂಸಿ, ಬಾಳ ವರ್ಷ ತುಂಬೂದ ಇಲ್ಲ. ತುಂಬದ ವರ್ಷಗಳೊಳಗ ಹೊಳಿ ಸಣ್ಣ ಹಳ್ಳದ ಹಂಗ ಇರ್ತೈತಿ, ಜನ ದಂಡಿ ಒತ್ತಿ ಒತ್ತಿ ಹೊಳಿ ಪಾತ್ರದಾಗ ಬಿತ್ತತಾರ. 2019ರಾಗ ಒಮ್ಮಿಂದೊಮ್ಮೆ ನೀರು ಬಿಟ್ಟಾಗ ಕೊಣ್ಣೂರು ಮುಳಗಿತು, ರಾಮದುರ್ಗ ಮುಳಗಿತು, ಪಟ್ಟದಕಲ್ಲು ಗುಡಿಗೋಳ ಸುತ್ತ ನೀರು ನಿಂತಿತ್ತು. ಅದರ ಮ್ಯಾಲೆ ನಮಗ ಬೆಣ್ಣಿಹಳ್ಳ ಐತಿ, ಅದಕ್ಕ ಡ್ಯಾಂ ಇಲ್ಲ, ಗೇಟ್ ಇಲ್ಲ, ಬಿಡ್ತೀವಿ ಅಂತ ಹೇಳವರೂ ಇಲ್ಲ, ಮ್ಯಾಲೆ ಮಳಿ ಬಿದ್ರ ರಾತ್ರೋರಾತ್ರಿ ಬರ್ತೈತಿ. ಇಂಥಾ ಹಳ್ಳಕ್ಕ ಮಳೆಮಾಪಕನ ಗತಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿಗೆ ಒಂದರಂಗ ಆರು ಸಾವಿರಕ್ಕಿಂತ ಹೆಚ್ಚು ಮಳೆಮಾಪಕ ಹಾಕೈತಿ, ಆ ಅಂಕಿ ತಾನ ಫೋನ್ ಜಾಲದಿಂದ ಯಲಹಂಕಕ್ಕ ಹೋಗ್ತೈತಿ. ಇಡೀ ದೇಶದಾಗ ಇಷ್ಟು ದಟ್ಟ ಜಾಲ ಇರೋ ರಾಜ್ಯ ಕಡಿಮಿ, ಅದು ನಮಗ ಹೆಮ್ಮಿ ವಿಷಯ. ನನ್ನ ಬೇಡಿಕಿ ಏನಂದ್ರ, ಮ್ಯಾಲಿನ ಪಂಚಾಯ್ತಿಗೋಳ ಮಳಿ ಒಂದು ಮಿತಿ ದಾಟಿದ ಕೂಡ್ಲೆ ಕೆಳಗಿನ ಊರಿಗೆ ಫೋನ್ ಬರಬೇಕು. ಈಗ ನಮ್ಮ ಊರ ಮಳಿ ನಮಗ ಹೇಳ್ತಾರ, ಅದು ಕಿಟಕ್ಯಾಗ ನಿಂತ್ರ ಕಾಣ್ತೈತಿ.

ನಾನು ಸಾಲಿ ಮಕ್ಕಳ ಕಡೆಯಿಂದ ಮನಿ ಮನಿಗೆ ಕಳಿಸಿ ಕಲೆಗಳನ್ನ ಗುರುತು ಮಾಡ್ಸೀನಿ. ಮಕ್ಕಳು ಕೇಳಿದ್ರ ಅಜ್ಜಂದ್ರು ಎದ್ದು ಬಂದು ತೋರಿಸ್ತಾರ. ನೀರಾವರಿ ಸರ್ ಹೇಳಿದ ಪದ್ಧತಿ ಈ ಸಲ ಹಚ್ಚತೀನಿ.

ಬಂಟ್ವಾಳ_ತೀರ

ನಮ್ಮ ಕಡೆ ಮಟ್ಟದ ಭಾಷೆ ಜನಕ್ಕೆ ಅಭ್ಯಾಸ ಆಗಿದೆ ಮಾರಾಯ್ರೆ. ಬಂಟ್ವಾಳದಲ್ಲಿ ನೇತ್ರಾವತಿ ಅಪಾಯದ ಮಟ್ಟ 8.5 ಮೀಟರ್ ಅಂತ ಪೇಟೆಯ ಅಂಗಡಿಯವರಿಗೆಲ್ಲ ಗೊತ್ತುಂಟು, ಏಳು ದಾಟಿತು ಅಂದ್ರೆ ಕೆಳಗಿನ ಸಾಮಾನು ಅಟ್ಟಕ್ಕೆ ಹಾಕ್ಲಿಕ್ಕೆ ಶುರು. 1974ರ ನೆರೆ ನೋಡಿದವರು ಇದ್ದಾರೆ, 1923ರ ಮಾರಿಬೊಳ್ಳದ (ದೊಡ್ಡ ನೆರೆಯ) ಕತೆ ಹಿರಿಯರ ಬಾಯಲ್ಲಿ ಕೇಳಿದವರೂ ಇದ್ದಾರೆ. ನಮಗೆ ಇರುವ ಕಷ್ಟ ಸಮಯದ್ದು. ಘಟ್ಟದಲ್ಲಿ ಮಳೆ ಬಂದ್ರೆ ಕೆಲವೇ ಗಂಟೆಯಲ್ಲಿ ಇಲ್ಲಿ ನೀರು, ಸಮುದ್ರದಲ್ಲಿ ಭರತ ಇದ್ರೆ ಇಳಿಯುವುದೂ ನಿಧಾನ. ನಿಮಗೆ ಕೊಯ್ನಾದಿಂದ ಬರುವಷ್ಟು ಹೊತ್ತು ನಮಗೆ ಸಿಗುವುದಿಲ್ಲ. ಚಾರ್ಮಾಡಿ ಕಡೆ 2019 ಆಗಸ್ಟಿನಲ್ಲಿ ನೀರಿನ ಜೊತೆ ಮರ, ಬಂಡೆ, ಮಣ್ಣು ಎಲ್ಲ ಬಂತು, ಅದಕ್ಕೆ ಬರೀ ನೀರಿನ ಮಟ್ಟದ ನಕ್ಷೆ ಸಾಕಾಗುವುದಿಲ್ಲ, ಭೂಕುಸಿತದ ನಕ್ಷೆಯೂ ಮೇಲೆ ಹಾಕಿ ನೋಡ್ಬೇಕು.

ಗಂಗಾವತಿ_ಬಸ್ಸು

ತುಂಗಭದ್ರಾ ಬಗ್ಗೆನೂ ಹೇಳ್ರಿ ಯಾರಾದ್ರೂ. 2024 ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋತು, ಕೆಳಗಿನ ಊರವರಿಗೆಲ್ಲ ನಿದ್ದಿ ಇಲ್ಲ, ವಾಟ್ಸಾಪಿನಾಗ "ಡ್ಯಾಂ ಒಡೀತು" ಅಂತ ಸುಳ್ಳು ಸುದ್ದಿ ಬ್ಯಾರೆ. ಇಂಥ ಟೈಮಿಗೆ ಒಂದು ಗೇಟು ಹೋದ್ರ ಎಲ್ಲಿ ತನಕ ನೀರು, ಕಂಪ್ಲಿ ಸೇತುವೆ ಯಾವಾಗ ಮುಳುಗುತ್ತ ಅನ್ನೋ ನಕ್ಷೆ ಕೈಯಾಗ ಇದ್ರ ಸುಳ್ಳು ಸುದ್ದಿಗೆ ಅಲ್ಲೇ ಉತ್ತರ ಕೊಡಬಹುದಿತ್ತು.

ನೀರಾವರಿ_ನಿವೃತ್ತ

ಸರಿಯಾಗಿ ಕೇಳಿದ್ರಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ದೊಡ್ಡ ಡ್ಯಾಂಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕು, ಅದರೊಳಗ ಮುಳುಗಡೆ ನಕ್ಷೆ ಮುಖ್ಯ ಭಾಗ. ಅದು ಕಚೇರಿ ಕಪಾಟಿನಾಗ ಇದ್ರ ಉಪಯೋಗ ಇಲ್ಲ, ಕೆಳಗಿನ ಪ್ರತಿ ಪಂಚಾಯ್ತಿ ಗ್ವಾಡಿಗೆ ಅದರ ಹಾಳೆ ಇರಬೇಕು.

ಸೈಟು_ಮನೆ

ಒಂದು ಪ್ರಾಕ್ಟಿಕಲ್ ಮಾತು. ಈ ನಕ್ಷೆ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರೆ ಆ ಓಣಿಯ ಮನೆ, ಸೈಟಿನ ರೇಟು ಬಿದ್ದುಹೋಗುತ್ತೆ, ಬ್ಯಾಂಕ್ ಸಾಲನೂ ಕಷ್ಟ ಆಗಬಹುದು. ಬಡವರ ಹತ್ರ ಇರೋದೇ ಒಂದು ಮನೆ. ಇದನ್ನ ಯೋಚನೆ ಮಾಡಿದ್ದೀರಾ?

ಉಪಗ್ರಹ_ನೋಟ

ಯೋಚನೆ ಮಾಡಬೇಕಾದ ಮಾತೇ. ಆದರೆ ಮುಳುಗೋ ಜಾಗ ಅಂತ ಊರವರಿಗೆ ಗೊತ್ತಿರುತ್ತೆ, ಗೊತ್ತಿಲ್ಲದೆ ಇರೋದು ಹೊರಗಿಂದ ಬಂದು ಸೈಟು ತಗೊಳ್ಳೋ ಬಡವನಿಗೆ. ಮುಚ್ಚಿಟ್ರೆ ಮಾರೋನಿಗೆ ಲಾಭ, ತಗೊಂಡೋನಿಗೆ ನೆರೆ. "100 ವರ್ಷಕ್ಕೊಮ್ಮೆ ಬರೋ ನೆರೆ" ಅಂತಾರಲ್ಲ, ಅದರ ಅರ್ಥ ಒಂದು ಸಲ ಬಂದ್ರೆ ನೂರು ವರ್ಷ ನೆಮ್ಮದಿ ಅಂತ ಅಲ್ಲ, ಪ್ರತಿ ವರ್ಷನೂ ಬರೋ ಸಾಧ್ಯತೆ ಶೇ 1. ಮೂವತ್ತು ವರ್ಷ ಆ ಮನೆಯಲ್ಲಿ ಇದ್ರೆ ಒಮ್ಮೆಯಾದ್ರೂ ಬರೋ ಸಾಧ್ಯತೆ ಶೇ 26 ಆಗುತ್ತೆ. 25 ವರ್ಷಕ್ಕೊಮ್ಮೆಯ ನೆರೆಗೆ ಇದೇ ಲೆಕ್ಕ ಹಾಕಿದ್ರೆ ಶೇ 70 ದಾಟುತ್ತೆ. ಮನೆಗೆ ಸಾಲ ತಗೊಳ್ಳೋರಿಗೆ ಇದು ಗೊತ್ತಿರಲೇಬೇಕು ಅಂತ ನನ್ನ ನಿಲುವು. ಮನೆ ಮಾಲೀಕರ ಹೆಸರು ನಕ್ಷೆಯಲ್ಲಿ ಬೇಡ, ಓಣಿ, ಎತ್ತರ ಸಾಕು.

ಕಬ್ಬಿನ_ಬೆಳೆಗಾರ_ಅಥಣಿ

ನಕ್ಷೆ ಆತ್ರಿ, ಸುದ್ದಿ ಮುಟ್ಟೂದು ಹ್ಯಾಂಗ? ಹೊಳಿ ಏರಿದಾಗ ಮೊದಲ ಕರೆಂಟ್ ತಗೀತಾರ, ತಗೀಲೇಬೇಕು, ಇಲ್ಲಂದ್ರ ಶಾಕ್ ಹೊಡೀತೈತಿ. ಆಮ್ಯಾಲೆ ಟವರ್ ಬ್ಯಾಟರಿ ಇರೂ ತನಕ ಅಷ್ಟ ಫೋನು. ತೋಟದ ವಸ್ತಿಯೊಳಗ ಇರೋ ಮುದುಕರಿಗೆ ಸ್ಮಾರ್ಟ್‌ಫೋನೂ ಇರಂಗಿಲ್ಲ.

ಕೋಡ್_ಬರೆಯೋನು

ಇದಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಅಂತ ಇದೆ ಅಣ್ಣಾ. 2023ರಲ್ಲಿ ಎಲ್ಲರ ಫೋನ್ ಒಟ್ಟಿಗೆ ಕಿರುಚಿತ್ತಲ್ಲ, ಅದೇ ಪರೀಕ್ಷೆ. ಎಸ್‌ಎಂಎಸ್ ಥರ ನಂಬರಿಗೆ ಒಂದೊಂದೇ ಹೋಗಲ್ಲ, ಆ ಟವರ್ ಕೆಳಗಿರೋ ಎಲ್ಲ ಫೋನಿಗೂ ಒಂದೇ ಸಲ ಹೋಗುತ್ತೆ, ನೆಟ್‌ವರ್ಕ್ ಜಾಮ್ ಆದ್ರೂ ತಲುಪುತ್ತೆ. ಕನ್ನಡದಲ್ಲೂ ಕಳಿಸಬಹುದು. ಆದರೆ ಟವರೇ ಸತ್ರೆ ಅದೂ ಇಲ್ಲ, ನೀವು ಹೇಳಿದ್ದು ಸರಿ. ನಾನು ಸೇತುವೆ ಕೆಳಗೆ ತೂಗುಹಾಕೋ ರೇಡಾರ್ ಸೆನ್ಸರ್ ಬಗ್ಗೆ ಓದ್ತಾ ಇದ್ದೆ, ನೀರು ಮುಟ್ಟದೇನೆ ಮಟ್ಟ ಅಳೆಯುತ್ತೆ, ಸೋಲಾರ್‌ನಲ್ಲಿ ಓಡುತ್ತೆ. ಅದರಿಂದ ನೇರ ಗುಡಿಯ ಮೈಕಿಗೆ, ಮಸೀದಿ ಮೈಕಿಗೆ ಬ್ಯಾಟರಿ ಇಟ್ಟು ಜೋಡಿಸಿದ್ರೆ ಹೇಗೆ?

ನೀರಾವರಿ_ನಿವೃತ್ತ

ಛಲೋ ವಿಚಾರ. ಆದ್ರ ಸೆನ್ಸರ್ ಹಾಕೂದು ಸುಲಭ, ಐದು ವರ್ಷ ನಡಸೂದು ಕಷ್ಟ. ಪ್ಯಾನೆಲ್ ಕಳವು ಆಗ್ತದ, ಜೇಡ ಗೂಡು ಕಟ್ಟತದ, ಸಿಮ್ ರಿಚಾರ್ಜ್ ಯಾರೂ ಮಾಡೂದಿಲ್ಲ. ಮೇ ತಿಂಗಳದಾಗ ಒಬ್ಬರು ಹೋಗಿ ಕಂಬದ ಪಟ್ಟಿಗೂ ಸೆನ್ಸರಿಗೂ ತಾಳಿ ನೋಡಬೇಕು, ಅದಕ್ಕ ಪಂಚಾಯ್ತಿ ಬಜೆಟ್‌ನಾಗ ದುಡ್ಡು ತೆಗೆದಿಡಬೇಕು. ಅದರ ಜೋಡಿ ಡಂಗುರ ಸಾರೋರನ್ನ ಬಿಡಬ್ಯಾಡ್ರಿ. ಒಡಿಶಾ ನೋಡ್ರಿ, 1999ರ ಚಂಡಮಾರುತದಾಗ ಸುಮಾರು 10 ಸಾವಿರ ಜನ ಹೋದ್ರು. 2013ರ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನ ಮೊದಲ ಸಾಗಿಸಿದ್ರು, ಸತ್ತವರು ನೂರರ ಒಳಗ. ಮುನ್ಸೂಚನಿ ಸುಧಾರಿಸಿತ್ತು, ಖರೆ, ಅದರ ಜೋಡಿ ಊರೂರಿಗೆ ಆಸರೆ ಕಟ್ಟಡ, ಮನಿ ಬಾಗಿಲು ಬಡಿಯೋ ಜನ ಇದ್ರು.

ಮಲಪ್ರಭಾ_ಟೀಚರ್

ಬಾಗಿಲು ಬಡಿಯೋರ ಪಟ್ಟಿಯೊಳಗ ಹೆಣ್ಣಮಕ್ಕಳು ಇರಲಿ, ಆಶಾ ಕಾರ್ಯಕರ್ತೆಯರಿಗೆ ಯಾವ ಮನ್ಯಾಗ ಬಸರಿ ಅದಾಳ, ಎಲ್ಲಿ ಹಾಸಿಗಿ ಹಿಡಿದವರು ಅದಾರ ಅಂತ ಬಾಯಿಪಾಠ ಇರ್ತೈತಿ. ನಕ್ಷೆ ಮಾಡೂ ದಿನಾನ ಅವರನ್ನ ಕುಂದ್ರಿಸ್ಕೋರಿ.

ಹೊಳಿದಂಡಿ_ಚಿಕ್ಕೋಡಿ

ಎಲ್ಲಾರೂ ಇಷ್ಟು ಹೇಳಿದ್ದಕ್ಕ ಬಾಳ ಉಪಕಾರ ಆತ್ರಿ. ಪಾಲಿಟೆಕ್ನಿಕ್ ಹುಡುಗರ ಜೋಡಿ ಮಾತಾಡೀನಿ, ಆಟೋ ಲೆವೆಲ್ ಸಿಗ್ತೈತಿ ಅಂದಾರ. ಮುಂದಿನ ಐತವಾರ ಸೇತುವೆಯಿಂದ ಚಾಲೂ ಮಾಡ್ತೀವಿ. ಹೊಸ್ತಿಲು ಎಲ್ಲಾ ಮುಗಿಸಿ ಆಮ್ಯಾಲೆ ಹೊಲ ತಗೋಬೇಕಂತ ಮಾಡೀನಿ.

ಕಬ್ಬಿನ_ಬೆಳೆಗಾರ_ಅಥಣಿ

ಅಣ್ಣಾ, ಹೊಸ್ತಿಲಕ್ಕಿಂತ ಮೊದಲ ದಾರಿ ತಗೋ. ನಮ್ಮ ಕಡೆ ಮನಿಗೆ ನೀರು ಬರೂ ಮೊದಲ ಊರಿಂದ ಹೊರಗ ಹೋಗೋ ರಸ್ತೆದಾಗಿನ ಹಳ್ಳ ತುಂಬಿ ಕುಂದ್ರತೈತಿ. ಮನಿ ಒಣಾ ಐತಿ ಅಂತ ಕುಂತವರು ಅಲ್ಲೇ ಸಿಕ್ಕೊಂಡು ಬೋಟ್ ದಾರಿ ಕಾಯ್ತಾರ. ದನ ಬೋಟಿನ್ಯಾಗ ಬರಂಗಿಲ್ಲ, ಅವನ್ನ ಬಿಟ್ಟು ನಾವು ಬರಂಗಿಲ್ಲ.

ನೀರಾವರಿ_ನಿವೃತ್ತ

ಇದು ಖರೆ ಮಾತು. ರಸ್ತೆ ಅತಿ ತಗ್ಗಿನ ಜಾಗದ ಎತ್ತರ ತಗೊಂಡು, ಅದಕ್ಕಿಂತ ಒಂದು ಮೀಟರ್ ಕೆಳಗ ಸೇತುವೆ ಪಟ್ಟಿ ಮ್ಯಾಲೆ ಕೆಂಪು ಗೆರಿ ಹಾಕ್ರಿ. ನೀರು ತಾಸಿಗೆ ಎಷ್ಟು ಏರ್ತದ ಅಂತ ಆ ವಾರ ಬರಕೊಂಡ್ರ, ಆ ಒಂದು ಮೀಟರಿಗೆ ಎಷ್ಟು ತಾಸು ಸಿಗ್ತದ ಅನ್ನೂದೂ ತಿಳೀತದ.

ಹೊಳಿದಂಡಿ_ಚಿಕ್ಕೋಡಿ

ಆತ್ರಿ ಸರ್, ಮೊದಲ ದಿನ ರಸ್ತೆನ ತಗೋತೀವಿ. ಕಾಳಜಿ ಕೇಂದ್ರ ಮಾಡೋ ಸಾಲಿಗೆ ಹೋಗಾಕ ನಮ್ಮಲ್ಲಿ ಎರಡು ದಾರಿ ಅದಾವ, ಎರಡರದೂ ತಗ್ಗು ಅಳದು ಅಂಕಿ ಇಲ್ಲೇ ಹಾಕ್ತೀನಿ, ನೋಡಿ ಹೇಳ್ರಿ. ಮೇಡಂ, 2019ರ ಚಿತ್ರ ನಮ್ಮ ಊರ ಸುತ್ತಿಂದು ತಗದು ಕಳಸಿದ್ರ ಹುಡುಗರು ಫೋನಿನ್ಯಾಗ ಹಾಕ್ಕೊಂಡು ಹೊಲಕ್ಕ ಬರ್ತಾರ.

ಉಪಗ್ರಹ_ನೋಟ

ಕಳಿಸ್ತೀನಿ. ಊರ ಗಡಿ ಮಾತ್ರ ಸರಿಯಾಗಿ ಗುರುತು ಹಾಕಿ ಕೊಡಿ, ಕಬ್ಬು ಇದ್ದ ಹೊಲಗಳನ್ನ ಬೇರೆ ಬಣ್ಣದಲ್ಲಿ ತೋರಿಸಿ, ಅಲ್ಲೆಲ್ಲ "ನೋಡಿ ಖಾತ್ರಿ ಮಾಡಬೇಕು" ಅಂತ ಬರೆದೇ ಕೊಡ್ತೀನಿ.